ಟೆಸ್ಟ್ ಮುಗಿಯುವ ತನಕ ಮಾತ್ರ: ಲಿಸ್ಪ್‌ನಲ್ಲಿ ಫಂಕ್ಷನ್‌ಗೆ ನಕಲಿ ಹಾಕುವುದು, ಮತ್ತೆ ತೆಗೆಯುವುದು

ಒಂದು ಲಾಗಿನ್ ಟೋಕನ್ ಇದೆ ಅಂದುಕೊಳ್ಳಿ. ಕೊಟ್ಟು ಒಂದು ಗಂಟೆ ಕಳೆದ ಮೇಲೆ ಅದು ನಡೆಯಬಾರದು. ಈ ನಿಯಮ ಸರಿಯಾಗಿ ಕೆಲಸ ಮಾಡುತ್ತಾ ಅಂತ ಟೆಸ್ಟ್ ಬರೆಯಬೇಕು. ಟೆಸ್ಟ್ ಓಡಿಸಿ ಒಂದು ಗಂಟೆ ಕಾಯುತ್ತಾ ಕೂರೋಕೆ ಆಗಲ್ಲ, ಅಲ್ವಾ? ಗಡಿಯಾರಕ್ಕೇ ಸುಳ್ಳು ಹೇಳಿಸಬೇಕು. ಆ ಒಂದು ಟೆಸ್ಟ್ ನಡೆಯುವಷ್ಟು ಹೊತ್ತು ಮಾತ್ರ ನಿಜವಾದ ಫಂಕ್ಷನ್ ಜಾಗದಲ್ಲಿ ನಕಲಿ ಫಂಕ್ಷನ್ ಕೂರಿಸಬೇಕು. ಮಾಕ್ ಮಾಡುವುದು ಅಂತ ಕರೆಯುವುದು ಇದನ್ನೇ.

ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಕಲಿ ಕೂರಿಸುವುದು ಒಂದೇ ಸಾಲಿನ ಕೆಲಸ. ಅದು ಕೂತಿದೆಯಾ ಅಂತ ಖಾತ್ರಿ ಮಾಡಿಕೊಳ್ಳುವುದು, ಮತ್ತೆ ಪೂರ್ತಿಯಾಗಿ ಎಬ್ಬಿಸುವುದು, ಇವೆರಡೇ ಕಷ್ಟ. ಈ ಲೇಖನದ ಹೆಚ್ಚಿನ ಭಾಗ ಅವೆರಡರ ಬಗ್ಗೆಯೇ.

ಶುರು ಮಾಡುವ ಮುಂಚೆ ಒಂದು ಮಾತು. ಇಲ್ಲಿ ಲಿಸ್ಪ್‌ನ ಸ್ವಂತ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಡೆಫನ್, ಲೆಟ್ ಮುಂತಾದವನ್ನು ಅವುಗಳ ಮೂಲ ರೂಪದಲ್ಲೇ ಕೊಡಬೇಕು. ನಾವೇ ಇಟ್ಟ ಹೆಸರುಗಳು ಕನ್ನಡದಲ್ಲಿದ್ದರೆ ಎಸ್‌ಬಿಸಿಎಲ್‌ನಂಥ ಕಂಪೈಲರ್‌ಗಳಿಗೆ ತೊಂದರೆ ಇಲ್ಲ. ಉದಾಹರಣೆಗಳೆಲ್ಲ ಕಾಮನ್ ಲಿಸ್ಪ್ ಎಂಬ ಬಗೆಯವು. ಲಿಸ್ಪ್‌ನ ಇನ್ನೆರಡು ಬಗೆಗಳಾದ ಈಮ್ಯಾಕ್ಸ್ ಲಿಸ್ಪ್ ಮತ್ತು ಕ್ಲೋಜರ್ ಬಗ್ಗೆ ಕೊನೆಯ ಹತ್ತಿರ ಬರುತ್ತೇನೆ.

ನಮ್ಮ ಕೋಡ್ ಇಷ್ಟೇ:

```
(ಡೆಫನ್ ಈಗಿನ-ಸಮಯ ()
  (ಗೆಟ್-ಯೂನಿವರ್ಸಲ್-ಟೈಮ್))

(ಡೆಫನ್ ಅವಧಿ-ಮುಗಿಯಿತೇ (ಹುಟ್ಟಿದ-ಸಮಯ)
  (> (- (ಈಗಿನ-ಸಮಯ) ಹುಟ್ಟಿದ-ಸಮಯ) 3600))
```

ಗೆಟ್-ಯೂನಿವರ್ಸಲ್-ಟೈಮ್ ಕೊಡುವುದು 1900ರ ಜನವರಿ 1ರಿಂದ ಇಲ್ಲಿಯ ತನಕ ಕಳೆದ ಸೆಕೆಂಡುಗಳ ಲೆಕ್ಕ. ಈಗ ಆ ಸಂಖ್ಯೆ 390 ಕೋಟಿ ದಾಟಿದೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಕೈ ಹೋಗುವ ದಾರಿ

ಲಿಸ್ಪ್ ಗೊತ್ತಿರುವವರಿಗೆ ಮೊದಲು ಹೊಳೆಯುವುದು ಫ್ಲೆಟ್. ಸ್ವಲ್ಪ ಹೊತ್ತಿಗೆ ಬೇಕಾದ ಫಂಕ್ಷನ್ ಕಟ್ಟಲು ಇರುವುದೇ ಅದು ತಾನೇ?

```
(ಫ್ಲೆಟ್ ((ಈಗಿನ-ಸಮಯ () 5000))
  (ಅವಧಿ-ಮುಗಿಯಿತೇ 1000))
```

ಟೋಕನ್ ಹುಟ್ಟಿದ್ದು 1000ನೇ ಸೆಕೆಂಡಿನಲ್ಲಿ, ಈಗ 5000. ನಡುವೆ 4000 ಸೆಕೆಂಡು. ಅದು 3600ಕ್ಕಿಂತ ಜಾಸ್ತಿ, ಆದ್ದರಿಂದ ಅವಧಿ ಮುಗಿದಿದೆ. ಓಡಿಸಿದರೆ ಉತ್ತರವೂ ಹಾಗೇ ಬರುತ್ತದೆ. ಟೆಸ್ಟ್ ಪಾಸ್.

ಆದರೆ ಇಲ್ಲಿ ನಕಲಿ ಫಂಕ್ಷನ್ ಒಂದು ಸಲವೂ ಓಡಿಲ್ಲ.

5000ದ ಜಾಗದಲ್ಲಿ 4600 ಹಾಕಿ ನೋಡಿ. ಈಗ ನಡುವೆ ಸರಿಯಾಗಿ 3600 ಸೆಕೆಂಡು. ನಮ್ಮ ನಿಯಮದ ಪ್ರಕಾರ ಅವಧಿ ಇನ್ನೂ ಮುಗಿದಿರಬಾರದು. ಆದರೂ ಮುಗಿದಿದೆ ಎಂದೇ ಉತ್ತರ ಬರುತ್ತದೆ. ಯಾಕೆಂದರೆ ಒಳಗೆ ಓಡಿದ್ದು ನಿಜವಾದ ಗಡಿಯಾರ. ಅದು 390 ಕೋಟಿ ಚಿಲ್ಲರೆ ಕೊಟ್ಟಿತು, ಅದರಲ್ಲಿ 1000 ಕಳೆದರೆ ಉಳಿಯುವುದು 3600ಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಮೊದಲನೇ ಟೆಸ್ಟ್ ಪಾಸಾಗಿದ್ದು ತಪ್ಪು ಕಾರಣಕ್ಕೆ.

ಹೀಗೇಕಾಯಿತು? ಫ್ಲೆಟ್ ಕಟ್ಟುವ ಹೆಸರು ಅದರ ಆವರಣದ ಒಳಗೆ ಕಣ್ಣಿಗೆ ಕಾಣುವ ಪಠ್ಯಕ್ಕೆ ಮಾತ್ರ ಅನ್ವಯಿಸುತ್ತದೆ. ಆ ಆವರಣದಲ್ಲಿ ಈಗಿನ-ಸಮಯ ಅಂತ ನಾವು ಎಲ್ಲೂ ಬರೆದಿಲ್ಲ. ಬರೆದಿರುವುದು ಅವಧಿ-ಮುಗಿಯಿತೇ ಅಂತ. ಅದರ ಒಡಲು ಬೇರೆ ಕಡೆ ಇದೆ, ಅಲ್ಲಿಂದ ಹೋಗುವ ಕರೆ ಎಲ್ಲರಿಗೂ ಸೇರಿದ ಜಾಗತಿಕ ಫಂಕ್ಷನ್‌ಗೇ ಹೋಗುತ್ತದೆ. ಎಸ್‌ಬಿಸಿಎಲ್ ಇಂಥ ಕಡೆ ಈ ಫಂಕ್ಷನ್ ಬಳಕೆಯೇ ಆಗಿಲ್ಲ ಎಂದು ಒಂದು ಸೂಚನೆ ಕೊಡುತ್ತದೆ. ಟೆಸ್ಟ್ ಫೈಲ್ ಕಂಪೈಲ್ ಮಾಡುವಾಗ ಆ ಸೂಚನೆಗಳನ್ನು ಓದದೆ ಮುಂದೆ ಹೋಗುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ.

ಹೆಸರಿನ ಹಿಂದಿನ ಡಬ್ಬಿ

ಹಾಗಾದರೆ ಆ ಜಾಗತಿಕ ಫಂಕ್ಷನ್ ಇರುವುದೆಲ್ಲಿ? ಲಿಸ್ಪ್‌ನಲ್ಲಿ ಹೆಸರು ಅಂದರೆ ಸುಮ್ನೆ ಒಂದಿಷ್ಟು ಅಕ್ಷರ ಅಲ್ಲ. ಅದು ಸಿಂಬಲ್ ಎಂಬ ವಸ್ತು, ಪ್ರೋಗ್ರಾಂ ಓಡುವಾಗಲೂ ಜೀವಂತ ಇರುತ್ತದೆ. ಕಾಮನ್ ಲಿಸ್ಪ್‌ನಲ್ಲಿ ಒಂದೊಂದು ಸಿಂಬಲ್‌ಗೂ ವೇರಿಯಬಲ್ ಬೆಲೆ ಇಡಲು ಒಂದು ಡಬ್ಬಿ, ಫಂಕ್ಷನ್ ಇಡಲು ಇನ್ನೊಂದು ಡಬ್ಬಿ. 1975ರಲ್ಲಿ ಬಂದ ಸ್ಕೀಮ್ ಎಂಬ ಇನ್ನೊಂದು ಲಿಸ್ಪ್ ಎರಡಕ್ಕೂ ಒಂದೇ ಡಬ್ಬಿ ಸಾಕು ಎಂದಿತು. 1994ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿಯ ಮಾನಕವಾದ ಕಾಮನ್ ಲಿಸ್ಪ್ ಎರಡನ್ನೂ ಬೇರೆಯಾಗಿಯೇ ಉಳಿಸಿಕೊಂಡಿತು.

ಒಂದು ಫಂಕ್ಷನ್ ಇನ್ನೊಂದನ್ನು ಹೆಸರು ಹಿಡಿದು ಕರೆದಾಗ ಸಾಮಾನ್ಯವಾಗಿ ಆಗುವುದು ಇಷ್ಟು: ಆ ಹೆಸರಿನ ಡಬ್ಬಿ ತೆರೆ, ಒಳಗೆ ಆ ಕ್ಷಣಕ್ಕೆ ಏನಿದೆಯೋ ಅದನ್ನು ಓಡಿಸು. ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸದೆ ಫಂಕ್ಷನ್ ತಿದ್ದಲು ಲಿಸ್ಪ್‌ನಲ್ಲಿ ಆಗುವುದು ಇದರಿಂದಲೇ. ಮಾಕ್ ಮಾಡಲು ಬೇಕಾಗಿರುವುದೂ ಇದೇ. ಡಬ್ಬಿಯಲ್ಲಿರುವುದನ್ನು ಎತ್ತಿಟ್ಟುಕೊಂಡು ನಕಲಿ ಹಾಕಿ, ಟೆಸ್ಟ್ ಓಡಿಸಿ, ಹಳೆಯದನ್ನು ವಾಪಸ್ ಇಟ್ಟರೆ ಆಯಿತು.

```
(ಲೆಟ್ ((ಹಳೆಯದು (ಎಫ್‌ಡೆಫಿನಿಷನ್ 'ಈಗಿನ-ಸಮಯ)))
  (ಅನ್‌ವೈಂಡ್-ಪ್ರೊಟೆಕ್ಟ್
      (ಪ್ರೋಗ್‌ಎನ್
        (ಸೆಟ್‌ಎಫ್ (ಎಫ್‌ಡೆಫಿನಿಷನ್ 'ಈಗಿನ-ಸಮಯ)
                (ಲ್ಯಾಂಬ್ಡಾ () 4600))
        (ಅವಧಿ-ಮುಗಿಯಿತೇ 1000))
    (ಸೆಟ್‌ಎಫ್ (ಎಫ್‌ಡೆಫಿನಿಷನ್ 'ಈಗಿನ-ಸಮಯ) ಹಳೆಯದು)))
```

ಈಗ 4600ಕ್ಕೆ ಮುಗಿದಿಲ್ಲ, 4601ಕ್ಕೆ ಮುಗಿದಿದೆ. ಒಂದು ಗಂಟೆಯ ಅಂಚನ್ನು ಒಂದೇ ಸೆಕೆಂಡಿನ ಅಂತರದಲ್ಲಿ ಎರಡೂ ಕಡೆಯಿಂದ ಮುಟ್ಟಿ ನೋಡಿದಂತಾಯಿತು. ಅಂಚಿನ ಎರಡೂ ಬದಿ ಪರೀಕ್ಷಿಸುವುದರಿಂದ ಇನ್ನೊಂದು ಲಾಭವೂ ಇದೆ. ನಕಲಿ ಕೂತಿಲ್ಲದಿದ್ದರೆ ಎರಡರಲ್ಲಿ ಒಂದಾದರೂ ಫೇಲ್ ಆಗಿ ವಿಷಯ ತಿಳಿಸುತ್ತದೆ.

ಇಲ್ಲಿ ಅನ್‌ವೈಂಡ್-ಪ್ರೊಟೆಕ್ಟ್ ಇಲ್ಲದಿದ್ದರೆ ಏನಾಗುತ್ತಿತ್ತು? ಟೆಸ್ಟ್ ನಡುವೆ ಎರರ್ ಬಂದು ಆಚೆ ಜಿಗಿದರೆ ಕೊನೆಯ ಸಾಲು ಓಡುವುದೇ ಇಲ್ಲ. ಬೇರೆ ಎಷ್ಟೋ ಭಾಷೆಗಳಲ್ಲಿ ಟೆಸ್ಟ್ ಮುಗಿದ ಕೂಡಲೇ ಪ್ರೊಸೆಸ್ ಸಾಯುತ್ತದೆ, ಅದರ ಜೊತೆ ಕೊಳೆಯೂ ಹೋಗುತ್ತದೆ. ಲಿಸ್ಪ್‌ನಲ್ಲಿ ನಾವು ಬೆಳಗ್ಗೆ ಶುರು ಮಾಡಿದ ಇಮೇಜ್ (ಕೋಡ್, ಡೇಟಾ ಎಲ್ಲ ಸೇರಿ ಓಡುತ್ತಿರುವ ಲಿಸ್ಪ್) ಸಂಜೆಯವರೆಗೂ ಬದುಕಿರುತ್ತದೆ. ಅದರಲ್ಲಿ ಬಿಟ್ಟ ನಕಲಿಯೂ ಸಂಜೆಯವರೆಗೂ ಬದುಕಿರುತ್ತದೆ. ಅನ್‌ವೈಂಡ್-ಪ್ರೊಟೆಕ್ಟ್ ಇದ್ದರೆ ಹೊರಗೆ ಹೋಗುವುದು ಮಾಮೂಲಿ ದಾರಿಯಲ್ಲಾದರೂ ಸರಿ, ಎರರ್‌ನಿಂದಾದರೂ ಸರಿ, ಥ್ರೋ ಮಾಡಿದರೂ ಸರಿ, ಕೊನೆಯ ಸಾಲು ಓಡಿಯೇ ತೀರುತ್ತದೆ.

ಪ್ರತಿ ಟೆಸ್ಟ್‌ನಲ್ಲೂ ಇಷ್ಟೆಲ್ಲ ಬರೆಯಲು ಯಾರಿಗೂ ಮನಸ್ಸಾಗದು. ಹಾಗಾಗಿ ಇದನ್ನು ಒಂದು ಮ್ಯಾಕ್ರೊ (ಕೋಡ್ ಬರೆದುಕೊಡುವ ಕೋಡ್) ಒಳಗೆ ಸುತ್ತಿಡುತ್ತಾರೆ. ಅದಕ್ಕೆ ತಾತ್ಕಾಲಿಕ-ಬದಲಿ ಅಂತ ಹೆಸರಿಟ್ಟೆವು ಅಂದುಕೊಳ್ಳೋಣ. ಹಳೆಯದನ್ನು ಹಿಡಿದಿಡುವ ವೇರಿಯಬಲ್‌ಗೆ ಮಾತ್ರ ಬೇರೆಲ್ಲೂ ಇಲ್ಲದ ಹೆಸರು ಕೊಡುವ ಜೆನ್‌ಸಿಮ್‌ನಿಂದ ಹೆಸರು ಪಡೆಯಿರಿ, ಟೆಸ್ಟ್ ಒಳಗಿನ ಹೆಸರುಗಳ ಜೊತೆ ಡಿಕ್ಕಿ ಆಗಬಾರದು. ಕ್ಲೋಷರ್ (ಸುತ್ತಲಿನ ವೇರಿಯಬಲ್‌ಗಳನ್ನು ಹಿಡಿದಿಟ್ಟುಕೊಳ್ಳುವ ಫಂಕ್ಷನ್) ಇರುವುದರಿಂದ ಯಾರು ಯಾರನ್ನು ಹೇಗೆ ಕರೆದರು ಅಂತ ಬರೆದಿಟ್ಟುಕೊಳ್ಳಲು ಬೇರೆ ಯಂತ್ರಾಂಗವೇ ಬೇಡ:

```
(ಲೆಟ್ ((ಕರೆಗಳು '()))
  (ತಾತ್ಕಾಲಿಕ-ಬದಲಿ (ಮೇಲ್-ಕಳಿಸು
                  (ಲ್ಯಾಂಬ್ಡಾ (ಯಾರಿಗೆ ವಿಷಯ)
                    (ಪುಶ್ (ಲಿಸ್ಟ್ ಯಾರಿಗೆ ವಿಷಯ) ಕರೆಗಳು)))
    (ಹೊಸ-ಬಳಕೆದಾರನನ್ನು-ಸೇರಿಸು "ಅ@ಆ"))
  (ಲೆಂಗ್ತ್ ಕರೆಗಳು))
```

ಉತ್ತರ 1 ಬಂದರೆ ಮೇಲ್ ಒಂದೇ ಸಲ ಹೋಗುತ್ತದೆ ಎಂದು ಗೊತ್ತಾಯಿತು. ನಿಜವಾದ ಮೇಲ್ ಯಾರಿಗೂ ಹೋಗಲಿಲ್ಲ. ಇದನ್ನೇ ತಯಾರಾಗಿ ಕೊಡುವ ಸಿಎಲ್-ಮಾಕ್, ಮಾಕಿಂಗ್‌ಬರ್ಡ್‌ನಂಥ ಲೈಬ್ರರಿಗಳೂ ಇವೆ. ಆದರೆ ಒಮ್ಮೆಯಾದರೂ ಕೈಯಾರೆ ಬರೆಯಿರಿ. ಮುಂದೆ ಹೇಳುವ ತೊಡಕುಗಳು ಲೈಬ್ರರಿ ಬಳಸಿದರೂ ಬರುವಂಥವೇ, ಒಳಗಿನದು ಗೊತ್ತಿದ್ದರೆ ಮಾತ್ರ ಅರ್ಥವಾಗುತ್ತವೆ.

ಡಬ್ಬಿ ಬದಲಾದರೂ ಕರೆ ತಲುಪದಿದ್ದಾಗ

ಡಬ್ಬಿಯ ಮೂಲಕ ಹೋಗುವ ಕರೆಗೆ ಮಾತ್ರ ನಮ್ಮ ನಕಲಿ ಸಿಗುತ್ತದೆ. ಡಬ್ಬಿಯನ್ನು ತಪ್ಪಿಸಿ ಹೋಗುವ ಕರೆಗಳೂ ಇವೆ. ಮಾಕ್ ಕೆಲಸ ಮಾಡುತ್ತಿಲ್ಲ ಎಂದು ಯಾರಾದರೂ ತಲೆ ಕೆಡಿಸಿಕೊಂಡು ಕೂತಿದ್ದರೆ, ಕಾರಣ ಬಹುಪಾಲು ಇಲ್ಲೇ ಇರುತ್ತದೆ.

ಮೊದಲನೆಯದು ಇನ್‌ಲೈನ್. ಫಂಕ್ಷನ್‌ಗೆ ಇನ್‌ಲೈನ್ ಘೋಷಣೆ ಇದ್ದರೆ ಕಂಪೈಲರ್ ಅದರ ಒಡಲನ್ನೇ ಕರೆಯುವವರ ಒಳಗೆ ಬರೆದುಬಿಟ್ಟಿರುತ್ತದೆ. ಇದು ಅಲ್ಲಿಗೇ ನಿಲ್ಲುವುದಿಲ್ಲ. ಘೋಷಣೆ ಇಲ್ಲದಿದ್ದರೂ, ಒಂದೇ ಫೈಲ್‌ನಲ್ಲಿರುವ ಫಂಕ್ಷನ್‌ಗಳ ನಡುವಿನ ಕರೆ ಆ ಫೈಲ್‌ನ ವ್ಯಾಖ್ಯೆಗೇ ಹೋಗುತ್ತದೆ ಎಂದು ಕಂಪೈಲರ್ ನಂಬಬಹುದು ಅಂತ ಮಾನಕವೇ ಅನುಮತಿ ಕೊಟ್ಟಿದೆ. ಒಂದು ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವುದಕ್ಕೂ ಇದೇ ಮಾತು. ಎಲ್ಲ ಕಂಪೈಲರ್‌ಗಳೂ ಎಲ್ಲ ಸಮಯದಲ್ಲೂ ಈ ಅನುಮತಿ ಬಳಸುವುದಿಲ್ಲ. ಹಾಗಾಗಿಯೇ ನಿನ್ನೆ ಓಡಿದ ಮಾಕ್ ಕಂಪೈಲರ್ ಬದಲಿಸಿದ ದಿನ ಸುಮ್ಮನಾಗಿಬಿಡಬಹುದು. ಇದಕ್ಕೆ ಔಷಧ ನಾಟ್‌ಇನ್‌ಲೈನ್ ಘೋಷಣೆ. ಆ ಹೆಸರನ್ನು ಯಾವಾಗಲೂ ಡಬ್ಬಿಯ ಮೂಲಕವೇ ಕರೆ ಎಂದು ಕಂಪೈಲರ್‌ಗೆ ಹೇಳಿದಂತೆ. ಕರೆಯುವ ಫಂಕ್ಷನ್ ಕಂಪೈಲ್ ಆಗುವುದಕ್ಕೆ ಮುಂಚೆ ಈ ಘೋಷಣೆ ಇರಬೇಕು. ಟೆಸ್ಟ್ ಫೈಲ್‌ನಲ್ಲಿ ಬರೆದರೆ ತಡವಾಯಿತು.

ಎರಡನೆಯದು, ಮೊದಲೇ ಕೈಗೆ ತೆಗೆದುಕೊಂಡ ಫಂಕ್ಷನ್. ಕೋಡ್ ಲೋಡ್ ಆಗುವಾಗ #'ಈಗಿನ-ಸಮಯ ಅಂತ ಬರೆದು ಒಂದು ಹ್ಯಾಷ್ ಟೇಬಲ್‌ನಲ್ಲಿ ಇಟ್ಟಿದ್ದೀರಿ ಅನ್ನಿ. ಅಲ್ಲಿ ಕೂತಿರುವುದು ಡಬ್ಬಿಯಿಂದ ಆಗಲೇ ಎತ್ತಿಕೊಂಡ ಫಂಕ್ಷನ್ ವಸ್ತು. ಆಮೇಲೆ ಡಬ್ಬಿಯಲ್ಲಿ ಏನೇ ಬದಲಾದರೂ ಅದಕ್ಕೆ ಗೊತ್ತಾಗಲ್ಲ. ಅದೇ ಜಾಗದಲ್ಲಿ ಬರೀ 'ಈಗಿನ-ಸಮಯ ಅಂತ ಸಿಂಬಲ್ ಇಟ್ಟಿದ್ದರೆ ಅದನ್ನು ಕರೆಯುವ ಫನ್‌ಕಾಲ್ ಪ್ರತಿ ಸಲವೂ ಡಬ್ಬಿ ತೆರೆದು ನೋಡುತ್ತದೆ, ನಕಲಿ ಸಿಗುತ್ತದೆ. ಎರಡರ ನಡುವೆ ವ್ಯತ್ಯಾಸ ಒಂದು ಚಿಹ್ನೆಯದು ಮಾತ್ರ. ಕೋಡ್ ಓದುವಾಗ ಕಣ್ಣು ತಪ್ಪಿಸುವಂಥ ಜಾಗ ಇದು.

ಮ್ಯಾಕ್ರೊಗಳನ್ನು ಹೀಗೆ ಮಾಕ್ ಮಾಡಲು ಆಗುವುದೇ ಇಲ್ಲ. ಕಂಪೈಲ್ ಆಗುವಾಗಲೇ ಅವು ಬಿಚ್ಚಿಕೊಂಡು ಮಾಯವಾಗಿರುತ್ತವೆ.

ಇನ್ನು ಭಾಷೆಯ ಸ್ವಂತ ಫಂಕ್ಷನ್‌ಗಳು. ಗೆಟ್-ಯೂನಿವರ್ಸಲ್-ಟೈಮ್ ಅನ್ನೇ ನೇರವಾಗಿ ಬದಲಿಸಬಹುದಲ್ಲ, ಈಗಿನ-ಸಮಯ ಅನ್ನುವ ಹೊದಿಕೆ ಯಾಕೆ ಅಂತ ನೀವು ಕೇಳಬಹುದು. ಕಾಮನ್ ಲಿಸ್ಪ್ ಪ್ಯಾಕೇಜ್‌ನ ಫಂಕ್ಷನ್‌ಗಳನ್ನು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಮಾನಕ ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಸ್‌ಬಿಸಿಎಲ್ ಆ ಪ್ಯಾಕೇಜ್‌ಗೆ ಬೀಗವನ್ನೇ ಹಾಕಿದೆ, ಬದಲಿಸಲು ಹೋದರೆ ಎರರ್ ಕೊಡುತ್ತದೆ. ಬೀಗ ತೆಗೆಯಲು ದಾರಿ ಇದೆ, ಆದರೆ ದಯವಿಟ್ಟು ತೆಗೆಯಬೇಡಿ. ನಿಮ್ಮ ಟೆಸ್ಟ್ ಓಡುತ್ತಿರುವ ಹೊತ್ತಿನಲ್ಲಿ ಅದೇ ಫಂಕ್ಷನ್ ಅನ್ನು ಲಾಗಿಂಗ್ ಕೋಡ್ ಕರೆಯುತ್ತಿರಬಹುದು, ಟೆಸ್ಟ್ ಲೈಬ್ರರಿ ಕರೆಯುತ್ತಿರಬಹುದು. ಅವಕ್ಕೆಲ್ಲ ಸುಳ್ಳು ಸಮಯ ಸಿಗುತ್ತದೆ. ಎರಡು ಸಾಲಿನ ಹೊದಿಕೆ ಬರೆದು ಅದನ್ನು ಬದಲಿಸುವುದೇ ಒಳ್ಳೆಯದು. ಟೋಕನ್ ಕೋಡ್‌ಗೆ ಬೇಕಾದ ಸುಳ್ಳು ಟೋಕನ್ ಕೋಡ್‌ಗೆ ಮಾತ್ರ ತಲುಪಲಿ.

ಜೆನೆರಿಕ್ ಫಂಕ್ಷನ್‌ಗಳ (ಕೊಟ್ಟ ವಸ್ತುವಿನ ಕ್ಲಾಸ್ ನೋಡಿ ತಕ್ಕ ಮೆಥಡ್ ಓಡಿಸುವ ಫಂಕ್ಷನ್‌ಗಳ) ಬಗ್ಗೆ ಒಂದೇ ಮಾತು. ಅದರ ಡಬ್ಬಿ ಬದಲಿಸಿದರೆ ಅದರ ಎಲ್ಲ ಮೆಥಡ್‌ಗಳೂ ಒಟ್ಟಿಗೆ ಮರೆಯಾಗುತ್ತವೆ. ಅಷ್ಟು ಬೇಡ. ಟೆಸ್ಟ್‌ಗೆಂದೇ ಒಂದು ಪುಟ್ಟ ಕ್ಲಾಸ್ ಮಾಡಿ, ಅದಕ್ಕೆ ಒಂದು ಮೆಥಡ್ ಬರೆದರೆ ಸಾಕು.

ಡಿಬಗರ್ ತೆರೆದಿದ್ದ ಮಧ್ಯಾಹ್ನ

ಒಂದು ದಿನ ನನ್ನ ಮೇಲ್ ಕೋಡ್ ಕೆಲಸ ಮಾಡುವುದನ್ನು ನಿಲ್ಲಿಸಿತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ರೆಪ್ಲ್‌ನಲ್ಲಿ (ಕೋಡ್ ಟೈಪ್ ಮಾಡಿ ತಕ್ಷಣ ಓಡಿಸಿ ನೋಡುವ ಕಿಟಕಿಯಲ್ಲಿ) ಮೇಲ್-ಕಳಿಸು ಅಂತ ಕರೆದರೆ ತಣ್ಣಗೆ ವಾಪಸ್ ಬರುತ್ತದೆ, ಮೇಲ್ ಹೋಗುವುದಿಲ್ಲ. ಸರ್ವರ್ ನೋಡಿದೆ, ಪಾಸ್‌ವರ್ಡ್ ನೋಡಿದೆ, ನೆಟ್‌ವರ್ಕ್ ನೋಡಿದೆ. ಮಾಕ್ ಮೇಲೆ ಅನುಮಾನವೇ ಬರಲಿಲ್ಲ. ಯಾಕೆಂದರೆ ನನ್ನ ಮ್ಯಾಕ್ರೊದಲ್ಲಿ ಅನ್‌ವೈಂಡ್-ಪ್ರೊಟೆಕ್ಟ್ ಇತ್ತು. ನಕಲಿ ಉಳಿಯುವುದು ಸಾಧ್ಯವೇ ಇಲ್ಲ ಎಂದು ನಂಬಿದ್ದೆ.

ಕಾರಣ ಹೀಗಿತ್ತು. ಟೆಸ್ಟ್‌ನಲ್ಲಿ ಎರರ್ ಬಂದರೆ ಡಿಬಗರ್ ತೆರೆಯುವಂತೆ ಹೊಂದಿಸಿಕೊಂಡಿದ್ದೆ. ಲಿಸ್ಪ್‌ನಲ್ಲಿ ಎರರ್ ಬಂದ ತಕ್ಷಣ ಸ್ಟ್ಯಾಕ್ (ಒಂದರೊಳಗೊಂದು ನಡೆಯುತ್ತಿರುವ ಕರೆಗಳ ಸಾಲು) ಬಿಚ್ಚಿಕೊಳ್ಳುವುದಿಲ್ಲ. ಎರರ್ ಬಂದ ಜಾಗದಲ್ಲೇ ಎಲ್ಲವೂ ನಿಂತು, ಮುಂದೇನು ಮಾಡಲಿ ಎಂದು ಡಿಬಗರ್ ಕೇಳುತ್ತದೆ. ಸರಿಪಡಿಸಿ ಅಲ್ಲಿಂದಲೇ ಮುಂದುವರಿಸಬಹುದು, ಲಿಸ್ಪ್‌ನಲ್ಲಿ ನನಗೆ ತುಂಬಾ ಇಷ್ಟವಾಗುವ ಗುಣ ಅದು. ಆದರೆ ಅನ್‌ವೈಂಡ್-ಪ್ರೊಟೆಕ್ಟ್ ಕೆಲಸ ಮಾಡುವುದು ಸ್ಟ್ಯಾಕ್ ಬಿಚ್ಚಿಕೊಂಡಾಗ ಮಾತ್ರ. ನಾನು ಸ್ಲೈಮ್‌ನಲ್ಲಿ (ಈಮ್ಯಾಕ್ಸ್ ಎಡಿಟರ್ ಒಳಗೆ ಲಿಸ್ಪ್ ಬರೆಯುವ ಸಾಧನದಲ್ಲಿ) ಡಿಬಗರ್ ಬಫರ್ ಅನ್ನು ಹಾಗೇ ಬಿಟ್ಟು ಬೇರೆ ಬಫರ್‌ಗೆ ಹೋಗಿದ್ದೆ. ಟೆಸ್ಟ್ ಓಡುತ್ತಿದ್ದ ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಎಳೆಗಳಲ್ಲಿ ಒಂದು) ಅಲ್ಲೇ ಕಾಯುತ್ತಾ ನಿಂತಿತ್ತು, ನಕಲಿ ಡಬ್ಬಿಯಲ್ಲೇ ಕೂತಿತ್ತು. ಡಬ್ಬಿ ಎಲ್ಲ ಥ್ರೆಡ್‌ಗಳಿಗೂ ಒಂದೇ, ಆದ್ದರಿಂದ ರೆಪ್ಲ್‌ಗೂ ನಕಲಿಯೇ ಸಿಗುತ್ತಿತ್ತು.

ಇದಕ್ಕಿಂತ ನೋವಾಗಿದ್ದು ಆಮೇಲೆ. ಹುಡುಕಾಟದ ನಡುವೆ ಮೇಲ್-ಕಳಿಸು ಫಂಕ್ಷನ್‌ನಲ್ಲಿ ಬೇರೊಂದು ತಪ್ಪು ಕಂಡು, ಅದನ್ನು ತಿದ್ದಿ ಮತ್ತೆ ಕಂಪೈಲ್ ಮಾಡಿದೆ. ಡಬ್ಬಿಯಲ್ಲಿ ಹೊಸ ವ್ಯಾಖ್ಯೆ ಬಂತು, ಮೇಲ್ ಹೋಗತೊಡಗಿತು, ಸಮಾಧಾನವಾಯಿತು. ಸಂಜೆ ಹಳೆಯ ಡಿಬಗರ್ ಬಫರ್ ಕಣ್ಣಿಗೆ ಬಿತ್ತು, ಕ್ಯೂ ಒತ್ತಿ ಮುಚ್ಚಿದೆ. ಆಗ ಸ್ಟ್ಯಾಕ್ ಬಿಚ್ಚಿಕೊಂಡಿತು. ಅನ್‌ವೈಂಡ್-ಪ್ರೊಟೆಕ್ಟ್ ತನ್ನ ಕೆಲಸ ಮಾಡಿತು, ಎತ್ತಿಟ್ಟಿದ್ದ ಹಳೆಯ ಫಂಕ್ಷನ್ ಅನ್ನು ಡಬ್ಬಿಗೆ ವಾಪಸ್ ಹಾಕಿತು. ನಾನು ತಿದ್ದಿದ್ದು ಫೈಲ್‌ನಲ್ಲಿ ಉಳಿಯಿತು, ಇಮೇಜ್‌ನಿಂದ ಹೋಯಿತು.

ಆವತ್ತಿನಿಂದ ನನ್ನ ಮ್ಯಾಕ್ರೊದಲ್ಲಿ ಒಂದು ಸಾಲು ಜಾಸ್ತಿ ಇದೆ. ವಾಪಸ್ ಇಡುವ ಮುಂಚೆ ಡಬ್ಬಿಯಲ್ಲಿ ಈಗ ಇರುವುದು ನಾನು ಹಾಕಿದ ನಕಲಿಯೇನಾ ಅಂತ ಈಕ್ಯೂನಿಂದ ನೋಡುತ್ತದೆ. ಅಲ್ಲ ಅಂದರೆ ನಡುವೆ ಯಾರೋ ಹೊಸದು ಹಾಕಿದ್ದಾರೆ, ಅದನ್ನು ಮುಟ್ಟದೆ ಒಂದು ಎಚ್ಚರಿಕೆ ಬರೆದು ಸುಮ್ಮನಾಗುತ್ತದೆ.

ಟೆಸ್ಟ್‌ಗಳನ್ನು ಹಲವು ಥ್ರೆಡ್‌ಗಳಲ್ಲಿ ಒಟ್ಟಿಗೆ ಓಡಿಸುವವರಿಗೂ ಇದೇ ಕಥೆಯಲ್ಲಿ ಉತ್ತರ ಇದೆ. ಡಬ್ಬಿ ಎಲ್ಲರದು. ಒಂದು ಟೆಸ್ಟ್ ಹಾಕಿದ ನಕಲಿ ಪಕ್ಕದ ಥ್ರೆಡ್‌ನ ಟೆಸ್ಟ್‌ಗೂ ಕಾಣುತ್ತದೆ. ಒಂದೇ ಹೆಸರನ್ನು ಇಬ್ಬರೂ ಬದಲಿಸಿದರಂತೂ, ಮೊದಲನೆಯವರ ನಕಲಿಯನ್ನೇ ಎರಡನೆಯವರು ಅಸಲಿ ಎಂದು ಎತ್ತಿಟ್ಟುಕೊಂಡು ಕೊನೆಗೆ ಅದನ್ನೇ ವಾಪಸ್ ಇಡಬಹುದು. ಡಬ್ಬಿ ಬದಲಿಸುವ ಟೆಸ್ಟ್‌ಗಳನ್ನು ಒಂದಾದ ಮೇಲೆ ಒಂದು ಓಡಿಸಿ.

ಡಬ್ಬಿ ಮುಟ್ಟದ ದಾರಿ

ಇಷ್ಟೆಲ್ಲ ತೊಡಕು ಕಂಡ ಮೇಲೆ, ಹೊಸ ಕೋಡ್ ಬರೆಯುವಾಗ ನಾನು ಮೊದಲು ನೋಡುವುದು ಬೇರೆ ಕಡೆ. ಕಾಮನ್ ಲಿಸ್ಪ್‌ನಲ್ಲಿ ತಾತ್ಕಾಲಿಕ ಬದಲಾವಣೆಗೆಂದೇ ಹುಟ್ಟಿದ ಸಾಧನ ಒಂದಿದೆ: ಸ್ಪೆಷಲ್ ವೇರಿಯಬಲ್.

```
(ಡೆಫ್‌ವಾರ್ *ಗಡಿಯಾರ* 'ಗೆಟ್-ಯೂನಿವರ್ಸಲ್-ಟೈಮ್)

(ಡೆಫನ್ ಈಗಿನ-ಸಮಯ ()
  (ಫನ್‌ಕಾಲ್ *ಗಡಿಯಾರ*))

(ಲೆಟ್ ((*ಗಡಿಯಾರ* (ಲ್ಯಾಂಬ್ಡಾ () 4600)))
  (ಅವಧಿ-ಮುಗಿಯಿತೇ 1000))
```

ಫ್ಲೆಟ್‌ನಂತೆ ಇದು ಪಠ್ಯಕ್ಕೆ ಕಟ್ಟುಬಿದ್ದಿಲ್ಲ. ಲೆಟ್ ಒಳಗಿಂದ ಎಷ್ಟೇ ಆಳಕ್ಕೆ ಕರೆ ಹೋದರೂ ಹೊಸ ಬೆಲೆಯೇ ಕಾಣುತ್ತದೆ, ಲೆಟ್ ದಾಟಿದ ಕೂಡಲೇ ಹಳೆಯದು ತಾನಾಗಿ ಬರುತ್ತದೆ. ಅನ್‌ವೈಂಡ್-ಪ್ರೊಟೆಕ್ಟ್ ಬರೆಯಬೇಕಾಗಿಲ್ಲ, ಕಂಪೈಲರ್‌ನ ಇನ್‌ಲೈನ್ ಲೆಕ್ಕಾಚಾರವೂ ಅಡ್ಡ ಬರುವುದಿಲ್ಲ. ಥ್ರೆಡ್ ಇರುವ ಎಸ್‌ಬಿಸಿಎಲ್‌ನಲ್ಲಿ ಈ ಬದಲಾವಣೆ ಕಾಣುವುದು ಅದೇ ಥ್ರೆಡ್‌ಗೆ ಮಾತ್ರ. ನನ್ನ ಡಿಬಗರ್ ಕಥೆ ಇಲ್ಲಿ ನಡೆಯುತ್ತಲೇ ಇರಲಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ನೆನಪಿಡಬೇಕು. ನಿಮ್ಮ ಕೋಡ್ ಟೆಸ್ಟ್ ನಡುವೆ ಹೊಸ ಥ್ರೆಡ್ ಹುಟ್ಟಿಸಿದರೆ ಆ ಹೊಸ ಥ್ರೆಡ್‌ಗೆ ಸಿಗುವುದು ಜಾಗತಿಕ ಬೆಲೆ, ಅಂದರೆ ನಿಜವಾದ ಗಡಿಯಾರ.

ಭಾಷೆಯೇ ಇಂಥ ವೇರಿಯಬಲ್‌ಗಳನ್ನು ಕೊಟ್ಟಿರುವ ಕಡೆ ಮಾಕ್ ಮಾಡುವ ಅಗತ್ಯವೇ ಇಲ್ಲ. ಪ್ರಿಂಟ್ ಆಗಿದ್ದನ್ನು ಹಿಡಿಯಬೇಕೇ? *ಸ್ಟ್ಯಾಂಡರ್ಡ್-ಔಟ್‌ಪುಟ್* ಅನ್ನು ಸ್ಟ್ರಿಂಗ್ ಕಡೆಗೆ ತಿರುಗಿಸಿ. ರ್‍ಯಾಂಡಮ್ ಸಂಖ್ಯೆ ಪ್ರತಿ ಸಲ ಒಂದೇ ಬರಬೇಕೇ? *ರ್‍ಯಾಂಡಮ್-ಸ್ಟೇಟ್* ಗೆ ಮೊದಲೇ ಉಳಿಸಿಟ್ಟ ಸ್ಥಿತಿಯ ಪ್ರತಿ ಕಟ್ಟಿ.

ಹಾಗಾದರೆ ಡಬ್ಬಿ ಬದಲಿಸುವುದು ಯಾವಾಗ? ನನ್ನ ಪ್ರಕಾರ, ನೀವು ಬರೆಯದ ಹಳೆಯ ಕೋಡ್‌ಗೆ ಮೊದಲ ಟೆಸ್ಟ್ ಬರೆಯುವಾಗ. ಅಲ್ಲಿ ವೇರಿಯಬಲ್ ಸೇರಿಸಲು ಕೋಡ್ ತಿದ್ದಬೇಕು, ಟೆಸ್ಟ್ ಇಲ್ಲದೆ ತಿದ್ದಲು ಭಯ. ಅಂಥ ಕಡೆ ಡಬ್ಬಿಯ ನಕಲಿ ನಿಜಕ್ಕೂ ಕಾಪಾಡುತ್ತದೆ.

ಸೋದರ ಭಾಷೆಗಳಲ್ಲಿ

ಈಮ್ಯಾಕ್ಸ್ ಲಿಸ್ಪ್‌ನ ಹಳೆಯ ಫ್ಲೆಟ್ ಕಾಮನ್ ಲಿಸ್ಪ್‌ನದರಂತೆ ಇರಲಿಲ್ಲ. ಅದು ಡಬ್ಬಿಯನ್ನೇ ಬದಲಿಸುತ್ತಿತ್ತು, ಜನ ಅದನ್ನೇ ಮಾಕ್‌ಗೆ ಬಳಸುತ್ತಿದ್ದರು. ಈಮ್ಯಾಕ್ಸ್ 24.3ರಲ್ಲಿ ಅದು ಹಳತೆಂದು ಗುರುತಾಗಿ, ಪಠ್ಯಕ್ಕೆ ಕಟ್ಟುಬಿದ್ದ ಸಿಎಲ್-ಫ್ಲೆಟ್ ಬಂತು. ಹೆಸರು ಒಂದೇ ತರಹ ಇದೆ ಅಂತ ಬದಲಿಸಿಕೊಂಡರೆ ಮಾಕ್ ಕೆಲಸ ಮಾಡಲ್ಲ. ಟೆಸ್ಟ್‌ಗೆ ಬೇಕಾದದ್ದು ಸಿಎಲ್-ಲೆಟ್‌ಎಫ್, ಸಿಂಬಲ್-ಫಂಕ್ಷನ್ ಜೊತೆಗೆ. ವಾಪಸ್ ಇಡುವುದನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಸಿ ಭಾಷೆಯಲ್ಲಿ ಬರೆದ ಮೂಲ ಫಂಕ್ಷನ್‌ಗಳನ್ನು ಸಿ ಕೋಡ್ ನೇರವಾಗಿ ಕರೆಯುತ್ತದೆ, ಕೆಲವಕ್ಕೆ ಬೈಟ್‌ಕೋಡ್‌ನಲ್ಲಿ ಸ್ವಂತ ಆದೇಶಗಳೇ ಇವೆ. ಅಂಥ ಕರೆಗಳಿಗೆ ನಿಮ್ಮ ನಕಲಿ ಕಾಣುವುದಿಲ್ಲ.

ಕ್ಲೋಜರ್‌ನಲ್ಲಿ 1.3ರಿಂದ ವಿತ್-ರೀಡೆಫ್ಸ್ ಇದೆ. ಅದೂ ಎಲ್ಲ ಥ್ರೆಡ್‌ಗಳಿಗೂ ಕಾಣುವ ಬದಲಾವಣೆ. 1.8ರಲ್ಲಿ ಬಂದ ಡೈರೆಕ್ಟ್ ಲಿಂಕಿಂಗ್ ಹಾಕಿ ಕಂಪೈಲ್ ಮಾಡಿದ ಕೋಡ್ ಡಬ್ಬಿಯನ್ನು ತಪ್ಪಿಸಿ ಹೋಗುತ್ತದೆ. ಅಲ್ಲಿ ಇನ್ನೊಂದು ವಿಶೇಷ ತೊಡಕಿದೆ. ಲೇಜಿ ಸೀಕ್ವೆನ್ಸ್ (ಕೇಳಿದಾಗ ಮಾತ್ರ ಲೆಕ್ಕ ಹಾಕುವ ಪಟ್ಟಿ) ವಾಪಸ್ ಕೊಡುವ ಫಂಕ್ಷನ್ ಅನ್ನು ವಿತ್-ರೀಡೆಫ್ಸ್ ಒಳಗೆ ಕರೆದು, ಉತ್ತರವನ್ನು ಹೊರಗೆ ತಂದು ನೋಡಿದರೆ, ಲೆಕ್ಕ ನಡೆಯುವುದು ಹೊರಗೆ. ಅಷ್ಟರಲ್ಲಿ ಅಸಲಿ ಫಂಕ್ಷನ್ ವಾಪಸ್ ಬಂದಿರುತ್ತದೆ. ಡೂಆಲ್ ಹಾಕಿ ಒಳಗೇ ಪೂರ್ತಿ ಬಿಡಿಸಿಕೊಳ್ಳಬೇಕು.

ಕೊನೆಯದಾಗಿ, ಇಮೇಜ್‌ನಲ್ಲಿ ನಕಲಿ ಉಳಿದಿದೆಯಾ ಅಂತ ಅನುಮಾನ ಬಂದರೆ ನೋಡುವ ಬಗೆ. ರೆಪ್ಲ್‌ನಲ್ಲಿ #'ಮೇಲ್-ಕಳಿಸು ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಎಸ್‌ಬಿಸಿಎಲ್ ಆ ಡಬ್ಬಿಯಲ್ಲಿರುವ ಫಂಕ್ಷನ್ ವಸ್ತುವನ್ನು ತೋರಿಸುತ್ತದೆ. ಅಸಲಿಯಾದರೆ ಅದರಲ್ಲಿ ಮೇಲ್-ಕಳಿಸು ಎಂಬ ಹೆಸರೇ ಇರುತ್ತದೆ. ನಕಲಿಯಾದರೆ ಹೆಸರಿನ ಜಾಗದಲ್ಲಿ ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಫಂಕ್ಷನ್, ಅಂತ ಕಾಣುತ್ತದೆ.